ಸಹಾಯ ಬೇಕು: ಕಾರಿನ ಬಣ್ಣದ ಮೇಲಿನ ಕಿತ್ತಳೆ ಸಿಪ್ಪೆಯಂಥ ತರಿ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಮಡಿಕೇರಿಯವರು. ತಂದೆಯವರ ಕಾಲದ ನಮ್ಮ ಕಾರಿನ ಬಾನೆಟ್‌ಗೆ ಕಳೆದ ಬೇಸಿಗೆಯಲ್ಲಿ ಹೊಸ ಬಣ್ಣ ಹೊಡೆಸಿದೆವು. ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಆದರೆ ಸಂಜೆ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿದರೆ ಬೆಳಕಿನ ಗೆರೆ ನೇರವಾಗಿ ಬೀಳದೆ ಅಂಕುಡೊಂಕಾಗಿ ಒಡೆಯುತ್ತದೆ, ಮೇಲ್ಮೈಯೆಲ್ಲ ನಮ್ಮ ಕೊಡಗಿನ ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಗುಳಿಗಳಿಂದ ತುಂಬಿದೆ.

2000 ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಬಳಸುವ ಉಜ್ಜುಕಾಗದ; ನಂಬರು ಹೆಚ್ಚಿದಷ್ಟೂ ನಯ) ನೀರು ಹಾಕಿ ಉಜ್ಜಿ, ಅನಂತರ 3000 ನಂಬರಿನಿಂದ ನಯಗೊಳಿಸಿ, ಕೊನೆಗೆ ಕಾಂಪೌಂಡ್ (ಉಜ್ಜಿದ ಗೀರು ತೆಗೆಯುವ ಪೇಸ್ಟ್) ಮತ್ತು ಪಾಲಿಶ್ ಹಾಕಿದರೆ ಹೊಳಪು ಮರಳುತ್ತದೆ ಎಂದು ತಿಳಿದುಕೊಂಡಿದ್ದೇನೆ. ನನ್ನ ಭಯವಿರುವುದು ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದ ಬಗ್ಗೆ. ಅದು ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್‌ನಷ್ಟೇ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪವಿರುವುದರಿಂದ, ಒಮ್ಮೆ ಹೆಚ್ಚು ಉಜ್ಜಿ ಕೆಳಗಿನ ಬಣ್ಣ ತೆರೆದುಕೊಂಡರೆ ಮತ್ತೆ ಬಣ್ಣ ಹೊಡೆಸದೆ ಬೇರೆ ದಾರಿಯಿಲ್ಲ.

ಮೊದಲ ಬಾರಿ ಮಾಡುವವನು 1500ರಿಂದ ಆರಂಭಿಸುವುದು ಸರಿಯೇ, ಅಥವಾ ನಿಧಾನವಾದರೂ 2000ವೇ ಸುರಕ್ಷಿತವೇ? ಬಾನೆಟ್ಟಿನ ಏಣುಗಳಲ್ಲಿ ಬಣ್ಣ ಬೇಗ ಸವೆಯುವುದರಿಂದ ಅಲ್ಲಿ ಟೇಪ್ ಅಂಟಿಸಿ ಬಿಟ್ಟುಬಿಡಬೇಕೆಂದಿದ್ದೇನೆ. ಹಾಗೆ ಬಿಟ್ಟ ಪಟ್ಟಿ ಪಾಲಿಶ್ ಆದ ಮೇಲೆ ಎದ್ದು ಕಾಣುವುದೇ? ಕುಶಾಲನಗರ, ವಿರಾಜಪೇಟೆ ಕಡೆಯವರಲ್ಲಿ ಯಾರಾದರೂ ಬಣ್ಣದ ದಪ್ಪ ಅಳೆಯುವ ಮೀಟರನ್ನು ಒಂದು ದಿನದ ಮಟ್ಟಿಗೆ ಕೊಡುವುದಾದರೆ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಅಳತೆ ನೋಡದೆ ಪೇಪರ್ ಮುಟ್ಟುವುದಿಲ್ಲ.