ಹೊಸ ಕ್ಯಾಬಿನೆಟ್‌ಗೆ ಹಾಕಿದ ಮೇಲೆ ಪೀಸಿ ಆನ್ ಆಗಿ ಕೂಡಲೇ ಆಫ್, ಯಾರಾದರೂ ನೋಡಿ

ಬಿಎಚ್‌ರೋಡ್_ಸ್ಟುಡಿಯೋ, ತುಮಕೂರು
ತಲೆ ಕೆಟ್ಟು ಹೋಗಿದೆ. ಮದುವೆ ವಿಡಿಯೋಗಳು ತುಂಬಿ ತುಂಬಿ, ಹಳೇ ಕ್ಯಾಬಿನೆಟ್‌ನಲ್ಲಿ ಇನ್ನೊಂದು ಡಿಸ್ಕ್ ಇಡೋಕೂ ಜಾಗ ಇರಲಿಲ್ಲ. ಅಂತರಸನಹಳ್ಳಿಯಲ್ಲಿ ಗೊತ್ತಿರುವ ಫ್ಯಾಬ್ರಿಕೇಷನ್‌ನವರ ಹತ್ತಿರ ಎರಡಡಿ ಎತ್ತರದ ಕಬ್ಬಿಣದ ಕ್ಯಾಬಿನೆಟ್ ಮಾಡಿಸಿದೆ. ಎಂಟು ಡಿಸ್ಕ್‌ಗೆ ಜಾಗ ಇದೆ, ಸದ್ಯಕ್ಕೆ ಆರು ಹಾಕಿದ್ದೇನೆ. ಪೌಡರ್ ಕೋಟಿಂಗ್ ಕೂಡ ಆಗಿದೆ, ನೋಡೋಕೆ ಸಖತ್ತಾಗಿದೆ. ಆದರೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ನಾಲ್ಕೈದು ಸೆಕೆಂಡಿಗೆ ಪೂರ್ತಿ ಆಫ್. ಇನ್ನೊಂದು ಸಲ ಒತ್ತಿದರೆ ಏನೂ ಇಲ್ಲ. ಮತ್ತೆ ಒತ್ತಿದರೆ ಅದೇ ರಾಮಾಯಣ. ಹಳೇದರಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಶನಿವಾರ ಪಾರ್ಟಿಗೆ ವಿಡಿಯೋ ಕೊಡಬೇಕು.

ಕೆಜಿಎಫ್_ವೋಲ್ಟ್
ಬೋರ್ಡ್ ಯಾವುದು? ಕರೆಂಟ್ ಕೊಡುವ ಡಬ್ಬ, ಎಸ್‌ಎಂಪಿಎಸ್, ಎಷ್ಟು ವ್ಯಾಟ್? ಏನೂ ಹೇಳದೆ ನೋಡಿ ಅಂದರೆ ನಾವೇನು ಕಣಿ ಹೇಳಬೇಕಾ?

ಬಿಎಚ್‌ರೋಡ್_ಸ್ಟುಡಿಯೋ
ಬೋರ್ಡ್ ಮೈಕ್ರೋ ಎಟಿಎಕ್ಸ್ ಸೈಜು, ಬಿ450 ಚಿಪ್‌ಸೆಟ್. ಎಸ್‌ಎಂಪಿಎಸ್ 450 ವ್ಯಾಟ್.

ಕೆಜಿಎಫ್_ವೋಲ್ಟ್
ಅಲ್ಲೇ ಇದೆ ರೋಗ. 3.5 ಇಂಚಿನ ಡಿಸ್ಕ್ ತಿರುಗೋಕೆ ಶುರು ಮಾಡುವಾಗ 12 ವೋಲ್ಟ್ ಲೈನಲ್ಲಿ ಹತ್ತಿರ ಹತ್ತಿರ 2 ಆಂಪ್ ಎಳೆಯುತ್ತದೆ. ಆರೂ ಒಟ್ಟಿಗೆ ಎದ್ದರೆ 12 ಆಂಪ್, ಅಂದರೆ 144 ವ್ಯಾಟ್. ಅದರ ಮೇಲೆ ಗ್ರಾಫಿಕ್ಸ್ ಕಾರ್ಡ್. 650 ವ್ಯಾಟಿನದು ತಗೊಳ್ಳಿ.

ಬಿಎಚ್‌ರೋಡ್_ಸ್ಟುಡಿಯೋ
ಡಿಸ್ಕ್ ಎಲ್ಲಾ ಬಿಚ್ಚಿಟ್ಟೂ ನೋಡಿದೆ ಸಾರ್. ಅದೇ ಥರ ಆಫ್.

ಕೆಜಿಎಫ್_ವೋಲ್ಟ್
ಹಾಗಾದರೆ ಎಸ್‌ಎಂಪಿಎಸ್ಸೇ ಹೋಗಿದೆ. ಒಳಗೆ ಕೆಪ್ಯಾಸಿಟರ್ ಊದಿಕೊಂಡಿರುತ್ತದೆ.

ನಂದಿ_ತಪ್ಪಲು, ಚಿಕ್ಕಬಳ್ಳಾಪುರ
ಕೆಜಿಎಫ್ ಅಣ್ಣಂಗೆ ಜ್ವರ ಬಂದರೂ ಎಸ್‌ಎಂಪಿಎಸ್ ಕಾರಣ. ಸ್ಟುಡಿಯೋದವರೇ, ಸ್ಟ್ಯಾಂಡಾಫ್, ಅಂದರೆ ಬೋರ್ಡ್ ಕೂರುವ ಚಿಕ್ಕ ಕಂಬಗಳನ್ನು ನೋಡಿ. ಪೂರ್ತಿ ಎಟಿಎಕ್ಸ್ ಬೋರ್ಡ್ 305 x 244 ಎಂಎಂ, ಮೈಕ್ರೋ 244 x 244. ವೆಲ್ಡಿಂಗ್‌ನವರು ದೊಡ್ಡ ಬೋರ್ಡಿನ ಅಳತೆಗೆ ಒಂಬತ್ತೂ ಕಡೆ ನಿಲ್ಲಿಸಿಬಿಟ್ಟಿದ್ದರೆ, ಜಾಸ್ತಿ ಇರುವುದು ಬೋರ್ಡಿನ ಹಿಂದೆ ಬೆಸುಗೆಗೆ ತಾಗಿ ಶಾರ್ಟ್ ಆಗಬಹುದು. ಬೋರ್ಡ್ ಹೊರಗೆ ತೆಗೆದು ರಟ್ಟಿನ ಮೇಲಿಟ್ಟು ಆನ್ ಮಾಡಿ.

ಬಿಎಚ್‌ರೋಡ್_ಸ್ಟುಡಿಯೋ
ರಟ್ಟಿನ ಮೇಲಿಟ್ಟು, ಕ್ಯಾಬಿನೆಟ್ಟಿನ ಬಟನ್ ವೈರ್ ಎಳೆದು ಸಿಕ್ಕಿಸಿ ನೋಡಿದೆ. ಏನೂ ಬದಲಾಗಲಿಲ್ಲ.

ನಂದಿ_ತಪ್ಪಲು
ಪೌಡರ್ ಕೋಟಿಂಗ್‌ನಲ್ಲಿ ಕರೆಂಟ್ ಹರಿಯೋದಿಲ್ಲ, ಕ್ಯಾಬಿನೆಟ್ಟಿಗೆ ಅರ್ತ್ ಸಿಗುತ್ತಿಲ್ಲ ಅನ್ಸುತ್ತೆ. ಎಸ್‌ಎಂಪಿಎಸ್ ಸ್ಕ್ರೂ ಕೂರುವ ಕಡೆ ಪೇಂಟ್ ಕೆರೆದು ನೋಡಿ.

ಕೆಜಿಎಫ್_ವೋಲ್ಟ್
ಕೆರೆಯೋದು ಒಳ್ಳೇದೇ, ಇಲ್ಲದಿದ್ದರೆ ಮುಟ್ಟಿದಾಗ ಜುಂ ಅನ್ನಬಹುದು. ಆದರೆ ಪೀಸಿ ಆಫ್ ಆಗೋದಕ್ಕೂ ಅದಕ್ಕೂ ಏನು ಸಂಬಂಧ? ರಟ್ಟಿನ ಮೇಲೆ ಯಾವ ಪೌಡರ್ ಕೋಟಿಂಗ್ ಇತ್ತು?

ನಂದಿ_ತಪ್ಪಲು
ನಿಮ್ಮ 650 ವ್ಯಾಟಿಗಿಂತ ಕೆರೆಯೋದು ಅಗ್ಗ ಅಲ್ವಾ.

ಶಿರಾಗೇಟ್_ಬೀರು
ಸುಮ್ನೆ ಹೊಸದು ಮಾಡಿಸಿ ದುಡ್ಡು ಹಾಳು. ನಾನು ಅಜ್ಜಿಯ ಕಾಲದ ಕಬ್ಬಿಣದ ಬೀರುವಿಗೇ ಬೋರ್ಡ್ ಕೂರಿಸಿದ್ದೇನೆ. ಮೇಲಿನ ಅರೆಯಲ್ಲಿ ಡಿಸ್ಕ್, ಕೆಳಗೆ ಯುಪಿಎಸ್, ಹಿಂದೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್. ಬೀಗ ಕೂಡ ಇದೆ, ಮಕ್ಕಳು ಮುಟ್ಟಲ್ಲ.

ಮಾಲೂರು_ಹೆಂಚು
ಸ್ಟುಡಿಯೋದವರೇ, ಆ ಬಟನ್ ಎಂಥದು? ಒಂದು ಸಲ ಬಿಟ್ಟು ಒಂದು ಸಲ ಆನ್ ಆಗುತ್ತದೆ ಅಂತ ಮೊದಲೇ ಬರೆದಿದ್ದೀರಿ.

ಬಿಎಚ್‌ರೋಡ್_ಸ್ಟುಡಿಯೋ
ಬಟನ್ ಹೊಸದು. 16 ಎಂಎಂ ಸ್ಟೀಲ್, ಸುತ್ತ ನೀಲಿ ಲೈಟ್. ಒತ್ತಿದರೆ ಟಕ್ ಅಂತ ಒಳಗೆ ಕೂರುತ್ತದೆ.

ಮಾಲೂರು_ಹೆಂಚು
ಕೂರಬಾರದು. ಪೀಸಿಗೆ ಬೇಕಿರುವುದು ಒತ್ತಿ ಬಿಟ್ಟ ಕೂಡಲೇ ಹೊರಗೆ ಬರುವ ಬಟನ್, ಕಾಲಿಂಗ್ ಬೆಲ್ಲಿನ ಥರದ್ದು. ನಿಮ್ಮದು ಒಳಗೇ ಕೂತು ಎರಡು ಪಿನ್ನನ್ನೂ ಸೇರಿಸಿಯೇ ಇಟ್ಟಿದೆ. ಪವರ್ ಬಟನ್ ನಾಲ್ಕು ಸೆಕೆಂಡ್ ಹಿಡಿದರೆ ಬೋರ್ಡ್ ಬಲವಂತವಾಗಿ ಆಫ್ ಆಗುತ್ತದೆ, ಹ್ಯಾಂಗ್ ಆದಾಗ ನಾವು ಮಾಡುವುದೂ ಅದೇ ತಾನೇ? ಎರಡನೇ ಸಲ ಒತ್ತಿದಾಗ ಬಟನ್ ಬರೀ ಹೊರಗೆ ಬರುತ್ತದೆ, ಅದಕ್ಕೇ ಏನೂ ಆಗಲ್ಲ. ಬಟನ್ ವೈರ್ ಕಿತ್ತು, ಬೋರ್ಡಿನ ಪವರ್ ಸ್ವಿಚ್ ಪಿನ್ ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ತಾಗಿಸಿ ಬಿಡಿ.

ಬಿಎಚ್‌ರೋಡ್_ಸ್ಟುಡಿಯೋ
ಆನ್ ಆಯ್ತು ಗುರುಗಳೇ! ಊಟ ಮಾಡಿ ಬಂದೆ, ಇನ್ನೂ ಓಡುತ್ತಿದೆ. ಅಂಗಡಿಯವನು ಎರಡು ಥರದ ಬಟನ್ನೂ ಒಂದೇ ಸಾರ್ ಅಂತ ಕೊಟ್ಟಿದ್ದ. ಆದರೆ ಈಗ ಆರರಲ್ಲಿ ಎರಡು ಡಿಸ್ಕ್ ಕಾಣಿಸುತ್ತಿಲ್ಲ.

ಕೆಜಿಎಫ್_ವೋಲ್ಟ್
ಪವರ್ ಸಾಲುತ್ತಿಲ್ಲ. ಹೇಳಿದೆನಲ್ಲ.

ಮಾಲೂರು_ಹೆಂಚು
ಬೋರ್ಡಿಗೇ ನೇರ ಸಿಕ್ಕಿಸುವ ಎಂ.2 ಎಸ್‌ಎಸ್‌ಡಿ ಏನಾದರೂ ಇದೆಯಾ?

ಬಿಎಚ್‌ರೋಡ್_ಸ್ಟುಡಿಯೋ
ಇದೆ, ವಿಂಡೋಸ್ ಇರೋದೇ ಅದರಲ್ಲಿ. ಮೊದಲಿಂದಲೂ ಇತ್ತಲ್ಲ. ಆಗ ನಾಲ್ಕೇ ಡಿಸ್ಕ್.

ಮಾಲೂರು_ಹೆಂಚು
ಬೋರ್ಡಿನ ಮ್ಯಾನುಯಲ್ ತೆಗೆದು ನೋಡಿ. ಎಷ್ಟೋ ಬೋರ್ಡ್‌ಗಳಲ್ಲಿ ಎಂ.2 ಹಾಕಿದರೆ ಡಿಸ್ಕ್ ಕೇಬಲ್ ಸಿಕ್ಕಿಸುವ ಎರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ನಿಮ್ಮದೂ ಹಾಗೇ ಇದ್ದರೆ ಎಎಸ್‌ಎಂ1166 ಚಿಪ್ಪಿನ ಸಾಟಾ ಕಾರ್ಡ್ ಒಂದು ಹಾಕಿ, ಆರು ಪೋರ್ಟ್ ಸಿಗುತ್ತದೆ. ಎಂಟು ಡಿಸ್ಕ್ ಆಸೆ ಇದ್ದರೆ ಹೇಗೂ ಬೇಕಾಗುತ್ತದೆ. ಇನ್ನೊಂದು, ಹಳೇ ನಾಲ್ಕು ಪಿನ್ನಿನ ಪವರ್ ವೈರ್ ಮೋಲೆಕ್ಸ್‌ನಿಂದ ಸಾಟಾಗೆ ಬರುವ ಅಚ್ಚು ಹೊಯ್ದ ಅಗ್ಗದ ಕನೆಕ್ಟರ್ ಬಳಸಬೇಡಿ, ಒಳಗೆ ಶಾರ್ಟ್ ಆಗಿ ಸುಟ್ಟಿರುವುದಿದೆ.

ನಂದಿ_ತಪ್ಪಲು
ಅದಕ್ಕಿಂತ ಹಳೇ ಸರ್ವರ್‌ನ ಎಲ್‌ಎಸ್‌ಐ ಕಂಪನಿಯ ಡಿಸ್ಕ್ ಕಾರ್ಡ್ ಮೇಲು.

ಮಾಲೂರು_ಹೆಂಚು
ಮೇಲೇ. ಬಿಸಿಯೂ ಜಾಸ್ತಿ, ಅದಕ್ಕೊಂದು ಫ್ಯಾನ್ ಬೇರೆ ಕಟ್ಟಬೇಕು.

ಗೌರಿಬಿದನೂರು_77
ನನಗೂ ಇದೇ ಸಮಸ್ಯೆ, ಆನ್ ಆಗಿ ಆಫ್. ಲ್ಯಾಪ್‌ಟಾಪ್.

ಕೆಜಿಎಫ್_ವೋಲ್ಟ್
ಅಡಾಪ್ಟರ್ ಎಷ್ಟು ವ್ಯಾಟ್?