ಪದಚರ್ಚೆ: ‘ಡಿವೈಸ್ ಫಾರ್ಮ್’ಗೆ ಕನ್ನಡದಲ್ಲಿ ಏನೆನ್ನೋಣ? (ಶುಕ್ರವಾರದೊಳಗೆ ಬೇಕು)

ಎಸ್., ಬೆಂಗಳೂರು, ಬುಧವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕಾಗಿದೆ. ನಾನು ಅನುವಾದ ಮಾಡಿಕೊಡುತ್ತಿರುವ ತರಬೇತಿ ಕೇಂದ್ರವೊಂದು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ‘ಡಿವೈಸ್ ಫಾರ್ಮ್’ ಕಟ್ಟಿದೆ. ಬೇರೆ ಬೇರೆ ಕಂಪನಿಗಳ ಹಳೆಯ ಹೊಸ ಆಂಡ್ರಾಯ್ಡ್ ಫೋನುಗಳನ್ನು ಒಂದು ಕೊಠಡಿಯಲ್ಲಿ ಸಾಲಾಗಿ ನಿಲ್ಲಿಸಿ, ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದ್ದಾರೆ. ವಿದ್ಯಾರ್ಥಿ ತನ್ನ ಊರಿನಲ್ಲೇ ಕುಳಿತು, ಬ್ರೌಸರ್ ತೆರೆದು, ಪಟ್ಟಿಯಿಂದ ಒಂದು ಫೋನನ್ನು ಆರಿಸಿಕೊಂಡರೆ ಅದರ ಪರದೆ ಅವನ ಮುಂದೆ ಮೂಡುತ್ತದೆ. ಇಲ್ಲಿ ಮೌಸ್ ಒತ್ತಿದರೆ ಅಲ್ಲಿ ಬೆರಳು ಒತ್ತಿದಂತೆ. ತಾನು ಬರೆದ ಆ್ಯಪ್ ಹಾಕಿ ನೋಡಿ, ಮುಗಿದ ಮೇಲೆ ಬಿಟ್ಟುಕೊಡಬೇಕು. ಬಿಟ್ಟ ಕೂಡಲೇ ಅವನು ಹಾಕಿದ್ದೆಲ್ಲ ಅಳಿಸಿಹೋಗಿ ಫೋನು ಮುಂದಿನವರಿಗೆ ಸಿದ್ಧವಾಗುತ್ತದೆ.

ಬಾಗಿಲಿನ ಮೇಲಿನ ಫಲಕಕ್ಕೆ ಒಂದು ಹೆಸರು ಬೇಕು. ತಂತ್ರಾಂಶದ ಗುಂಡಿಗಳಿಗೂ ಕನ್ನಡ ಬೇಕು. ಯಂತ್ರಾನುವಾದ ಕೊಟ್ಟದ್ದು ‘ಸಾಧನ ಕೃಷಿ’. ಅದನ್ನು ಬರೆಸಿದರೆ ಪವರ್ ಟಿಲ್ಲರ್‌ಗೆ ಸಹಾಯಧನ ಕೇಳಿಕೊಂಡು ರೈತರು ಬರುತ್ತಾರೆ. ‘ಮೊಬೈಲ್ ಪರೀಕ್ಷಾ ಕೊಠಡಿ’ ಎಂದು ಕಚೇರಿಯಲ್ಲಿ ಒಬ್ಬರು ಸೂಚಿಸಿದರು. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಮೊಬೈಲ್ ಕಿತ್ತಿಟ್ಟುಕೊಳ್ಳುವ ನಾಡಿದು. ‘ಫೋನ್ ತಪಾಸಣಾ ಕೊಠಡಿ’ ಎಂದರೆ ಪೊಲೀಸರ ನೆನಪಾಗುತ್ತದೆ. ‘ಮೊಬೈಲ್ ಪ್ರಯೋಗಾಲಯ’ವೋ, ವ್ಯಾನಿನಲ್ಲಿ ಊರೂರಿಗೆ ಬಂದು ರಕ್ತ ತೆಗೆದುಕೊಂಡು ಹೋಗುವಂಥದ್ದು.

ಫಲಕ ಬರೆಯುವವರು ಶುಕ್ರವಾರ ಮಧ್ಯಾಹ್ನ ಬರುತ್ತಾರೆ. ದಯವಿಟ್ಟು ಅದರೊಳಗೆ ತಿಳಿಸಿ.

ಕೆ. ಎನ್., ಮೈಸೂರು

‘ಸಾಧನ ಸಮುಚ್ಚಯ’. ಪೂರ್ಣ ರೂಪ ಬೇಕಾದರೆ ‘ದೂರನಿಯಂತ್ರಿತ ಚರವಾಣಿ ಸಮುಚ್ಚಯ’. ಸಂಸ್ಕೃತ ಧಾತುಗಳಿಂದ ಕಟ್ಟಿದರೆ ಮರಾಠಿ, ತೆಲುಗು, ಮಲಯಾಳದವರಿಗೂ ಸಲ್ಲುತ್ತದೆ. ಇದರಲ್ಲಿ ಚರ್ಚಿಸಲು ಏನೂ ಇಲ್ಲ.

ಆರ್., ಶಿವಮೊಗ್ಗ

ಕೆ. ಎನ್. ಅವರು ಹೇಳಿದ್ದನ್ನು ಬರೆಯಲು ಬಾಗಿಲು ಸಾಲದು, ಕಾಂಪೌಂಡು ಬೇಕು. ಸಮುಚ್ಚಯ ಎಂದರೆ ಇಂದಿನ ಓದುಗನಿಗೆ ವಸತಿ ಸಮುಚ್ಚಯ, ಅಂದರೆ ಫ್ಲ್ಯಾಟು.

ಕನ್ನಡದ ಬೇರಿನಿಂದಲೇ ಕಟ್ಟಬಹುದು. ಸ್ಮಾರ್ಟ್‌ಫೋನಿಗೆ ‘ಚೂಟಿಯುಲಿ’ ಎಂಬ ಪದ ಈಗಾಗಲೇ ಬಳಕೆಯಲ್ಲಿದೆ. ಪರೀಕ್ಷಿಸುವುದಕ್ಕೆ ‘ಒರೆಗೆ ಹಚ್ಚು’ ಎಂಬ ನುಡಿಗಟ್ಟು ಎಲ್ಲರಿಗೂ ಗೊತ್ತು. ಆದ್ದರಿಂದ ‘ಚೂಟಿಯುಲಿ ಒರೆಮನೆ’. ಒಂದು ಮಹಾಪ್ರಾಣವಿಲ್ಲ, ಒಂದು ಎರವಲಿಲ್ಲ.

ಕೆ. ಎನ್., ಮೈಸೂರು

ಒರೆ ಎಂದರೆ ಕತ್ತಿಯ ಚೀಲ. ಒರೆಮನೆ ಎಂದರೆ ಆಯುಧಾಗಾರ ಎಂದುಕೊಂಡಾರು. ಇನ್ನು ಚೂಟಿಯುಲಿಯು ಬಳಕೆಯಲ್ಲಿರುವುದು ನಿಮ್ಮ ನಾಲ್ಕು ಜನರ ನಡುವೆ.

ಪಿ., ಧಾರವಾಡ

‘ಫಾರ್ಮ್’ ಎಂದರೇನೆಂದು ಮೊದಲು ತಿಳಿದುಕೊಂಡು ಆಮೇಲೆ ತೋಟ, ಹೊಲ, ಕೃಷಿ ಎನ್ನಿ. ಇಂಗ್ಲಿಷಿಗೆ ಆ ಪದ ಬಂದದ್ದು ಫ್ರೆಂಚಿನ ‘ಫೆರ್ಮ್’ನಿಂದ, ಅದರ ಹಿಂದೆ ಇರುವುದು ಲ್ಯಾಟಿನ್ನಿನ ‘ಫಿರ್ಮಾ’. ಅರ್ಥ, ನಿಗದಿ ಮಾಡಿದ ಪಾವತಿ. ಅಂದರೆ ಗೇಣಿ, ಗುತ್ತಿಗೆ. ಗೇಣಿಗೆ ಹಿಡಿದ ಭೂಮಿಗೆ ಆ ಹೆಸರು ಅಂಟಿತು. ಬೇಸಾಯದ ಅರ್ಥ ಕಟ್ಟಕಡೆಗೆ ಬಂದದ್ದು. ತೆರಿಗೆ ವಸೂಲಿಯನ್ನು ಗುತ್ತಿಗೆಗೆ ಬಿಡುವುದನ್ನು ಇಂಗ್ಲಿಷಿನಲ್ಲಿ ಇವತ್ತಿಗೂ ‘ಟ್ಯಾಕ್ಸ್ ಫಾರ್ಮಿಂಗ್’ ಎನ್ನುತ್ತಾರೆ. ಅಲ್ಲಿ ಯಾರೂ ಉಳುವುದಿಲ್ಲ, ಬಿತ್ತುವುದಿಲ್ಲ.

ಈಗ ನಿಮ್ಮ ಫೋನುಗಳನ್ನು ನೋಡಿ. ಅಮೆಜಾನ್ 2015ರಲ್ಲಿ ಶುರು ಮಾಡಿದ ‘ಡಿವೈಸ್ ಫಾರ್ಮ್’ನಲ್ಲಿ ಫೋನು ಹಿಡಿದವನು ನಿಮಿಷದ ಲೆಕ್ಕದಲ್ಲಿ ಹಣ ಕೊಡುತ್ತಾನೆ. ಅಲ್ಲಿಗೆ ಪದ ತನ್ನ ತವರಿಗೆ ಮರಳಿತು. ಆದ್ದರಿಂದ ‘ಫೋನ್ ಗೇಣಿ’. ಎರಡೇ ಪದ, ನಾಲ್ಕೇ ಅಕ್ಷರ, ಫಲಕದ ಬಣ್ಣವೂ ಉಳಿಯುತ್ತದೆ.

ಬಿ. ಎಂ., ದಾವಣಗೆರೆ

ಗೇಣಿ ಪದ್ಧತಿಯನ್ನು ನಾವು 1974ರಲ್ಲಿ ಕಾನೂನು ಮಾಡಿ ತೆಗೆದುಹಾಕಿದ್ದೇವೆ ಸ್ವಾಮಿ. ಉಳುವವನೇ ಒಡೆಯನಾದ. ಅಂದು ಗೇಣಿದಾರರು ಭೂಮಿಗೆ ಹಾಕಿದಂತೆ, ನಿಮ್ಮ ಫಲಕ ನೋಡಿ ವಿದ್ಯಾರ್ಥಿಗಳು ಫೋನು ತಮ್ಮದೇ ಎಂದು ಡಿಕ್ಲರೇಷನ್ ಹಾಕಿಕೊಂಡಾರು.

ಹಂಚಿಕೊಂಡು ಬಳಸುವ ಯಂತ್ರಗಳಿಗೆ ನಮ್ಮ ಸರ್ಕಾರವೇ ಒಂದು ಹೆಸರು ಕೊಟ್ಟಿದೆ: ‘ಕೃಷಿ ಯಂತ್ರಧಾರೆ’. ಟ್ರ್ಯಾಕ್ಟರು, ರೋಟವೇಟರು ಒಂದು ಕಡೆ ಇರುತ್ತವೆ, ಬೇಕಾದವರು ಬಾಡಿಗೆಗೆ ಪಡೆದು ಹಿಂದಿರುಗಿಸುತ್ತಾರೆ. ಹಳ್ಳಿಯ ಹುಡುಗರಿಗೂ ಗೊತ್ತಿರುವ ಪದ. ‘ಫೋನ್ ಧಾರೆ’ ಎನ್ನಲು ಏನು ಅಡ್ಡಿ?

ಪಿ., ಧಾರವಾಡ

ಧಾರೆ ಎರೆದುಕೊಟ್ಟದ್ದು ಹಿಂದಕ್ಕೆ ಬರುವುದಿಲ್ಲ. ಕನ್ಯಾದಾನಕ್ಕೆ ಹೋಗಿ ಬಂದವರನ್ನು ಕೇಳಿ.

ವಿ., ಪುಣೆ (ಊರು ಶಿರಸಿ)

ನಾನು ಇದೇ ಕೆಲಸ ಮಾಡುವವನು. ನಿಮ್ಮಲ್ಲಿ ಯಾರೂ ಆ ಕೊಠಡಿಯೊಳಗೆ ಹೋದಂತೆ ಕಾಣುವುದಿಲ್ಲವಾದ್ದರಿಂದ ನಾಲ್ಕು ಮಾತು.

ಇಂಗ್ಲಿಷಿನಲ್ಲೇ ಈ ಹೆಸರು ನಿಂತಿಲ್ಲ. ಅಮೆಜಾನ್ ‘ಫಾರ್ಮ್’ ಎಂದರೆ ಗೂಗಲ್ ತನ್ನದನ್ನು ‘ಟೆಸ್ಟ್ ಲ್ಯಾಬ್’ ಎನ್ನುತ್ತದೆ, ಸ್ಯಾಮ್‌ಸಂಗ್ ‘ರಿಮೋಟ್ ಟೆಸ್ಟ್ ಲ್ಯಾಬ್’ ಎನ್ನುತ್ತದೆ. ಜಪಾನಿನ ಸೈಬರ್‌ಏಜೆಂಟ್ ಕಂಪನಿಯವರು ತಮ್ಮ ಬಳಕೆಗೆಂದು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಎಸ್‌ಟಿಎಫ್ ಎಂಬ ಮುಕ್ತ ತಂತ್ರಾಂಶದ ಹೆಸರು ‘ಸ್ಮಾರ್ಟ್‌ಫೋನ್ ಟೆಸ್ಟ್ ಫಾರ್ಮ್’. ಎಸ್. ಅವರು ವಿವರಿಸಿದ ಬಗೆಯನ್ನು ನೋಡಿದರೆ ಅವರ ಕೇಂದ್ರದಲ್ಲಿ ಇರುವುದೂ ಅದೇ ಜಾತಿಯದು. ಮೂಲದವರೇ ಒಪ್ಪದ ಒಂದು ರೂಪಕವನ್ನು ನಾವು ಯಾಕೆ ತಲೆಯ ಮೇಲೆ ಹೊತ್ತುಕೊಳ್ಳಬೇಕು?

ಹಾಗೆಂದು ‘ಸಾಕಣೆ’ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿರಲಿಲ್ಲ. ದೂರದಿಂದ ನೋಡುವವನಿಗೆ ಎಲ್ಲವೂ ತಾನಾಗಿ ನಡೆಯುತ್ತದೆ. ಒಳಗೆ ಒಬ್ಬನು ಸದಾ ಓಡಾಡುತ್ತಿರಬೇಕು. ಹಗಲೂ ರಾತ್ರಿ ಚಾರ್ಜಿನಲ್ಲಿರುವ ಫೋನಿನ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಮೇಲೆದ್ದು ಬರುತ್ತದೆ. ಅದು ಬೆಂಕಿಯ ಮುನ್ಸೂಚನೆ ಎಂದೇ ತಿಳಿದು ತೆಗೆದಿಡಬೇಕು. ಅಗ್ಗದ ಯುಎಸ್‌ಬಿ ಹಬ್ ಹಾಕಿದರೆ ವಿದ್ಯುತ್ ಸಾಲದೆ ಫೋನುಗಳು ಒಂದೊಂದಾಗಿ ಪಟ್ಟಿಯಿಂದ ಮಾಯವಾಗುತ್ತವೆ. ಕಂಪ್ಯೂಟರ್ ಬದಲಾದರೆ ಪ್ರತಿ ಫೋನೂ ‘ಇದಕ್ಕೆ ಅನುಮತಿ ಕೊಡಲೇ?’ ಎಂದು ಕೇಳುತ್ತದೆ, ಅದಕ್ಕೆ ಯಾರೋ ಎದ್ದು ಹೋಗಿ ನಿಜವಾದ ಬೆರಳಿನಿಂದಲೇ ಒತ್ತಬೇಕು. ಯಾರೋ ಒಬ್ಬ ಫೋನು ಹಿಡಿದುಕೊಂಡು ಬಿಡದೆ ಊಟಕ್ಕೆ ಹೋಗಿಬಿಡುತ್ತಾನೆ.

ಎಸ್. ಮೇಡಂ, ನಿಮಗೆ ಮುಖ್ಯವಾದದ್ದು ಬಾಗಿಲ ಹೆಸರಲ್ಲ, ಗುಂಡಿಗಳು. ಬಾಗಿಲನ್ನು ದಿನಕ್ಕೆ ಒಬ್ಬ ನೋಡುತ್ತಾನೆ, ಗುಂಡಿಗಳನ್ನು ಎಲ್ಲರೂ ಒತ್ತುತ್ತಾರೆ. ಅದಕ್ಕೆ ಗ್ರಂಥಾಲಯದ ಮಾತು ಸಾಕು. ‘ಫೋನ್ ಪಡೆಯಿರಿ’, ‘ಹಿಂದಿರುಗಿಸಿ’, ‘ಬೇರೆಯವರು ಪಡೆದಿದ್ದಾರೆ’, ‘ಸಂಪರ್ಕ ತಪ್ಪಿದೆ’, ‘ಸಿದ್ಧವಾಗುತ್ತಿದೆ’. ‘ಬಿಡುಗಡೆ ಮಾಡಿ’ ಎಂದು ಮಾತ್ರ ಬರೆಯಬೇಡಿ, ಅದು ಪುಸ್ತಕಕ್ಕೆ ಅಥವಾ ಕೈದಿಗೆ.

ಇನ್ನೊಂದು ಕಿವಿಮಾತು. ಫಲಕದಲ್ಲಾಗಲಿ ತಂತ್ರಾಂಶದಲ್ಲಾಗಲಿ ‘ರ‍್ಯಾಕ್’ ಎಂಬ ಪದ ಬಂದರೆ ಜೋಕೆ. ಕಣ್ಣಿಗೆ ಕಾಣದ ಜೋಡಕ ಚಿಹ್ನೆ ತಪ್ಪಿದರೆ ಅದು ಅರ್ಕಾವತ್ತಾಗಿ ‘ರ್ಯಾಕ್’ ಎಂದು ಮೂಡುತ್ತದೆ. ಯಾವ ಫೋನು ಅದನ್ನು ಸರಿಯಾಗಿ ತೋರಿಸುತ್ತದೆ, ಯಾವುದು ಕೆಡಿಸುತ್ತದೆ ಎಂದು ನೋಡಲಿಕ್ಕೇ ಇಂಥ ಕೊಠಡಿಗಳು ಬೇಕಾಗಿರುವುದು. ಹಳೆಯ ಫೋನುಗಳಲ್ಲಿ ಕನ್ನಡವೆಲ್ಲ ಖಾಲಿ ಚೌಕಗಳಾಗಿ ಕಾಣುತ್ತಿದ್ದ ಕಾಲ ಮರೆತುಹೋಯಿತೇ? ಆಗ ಪದ ಯಾವ ಬೇರಿನದೆಂದು ಯಾರೂ ಕೇಳಲಿಲ್ಲ.

ಆರ್., ಶಿವಮೊಗ್ಗ

‘ಸಂಪರ್ಕ ತಪ್ಪಿದೆ’ ಯಾಕೆ? ‘ಕೊಂಡಿ ಕಳಚಿದೆ’.

ಯು., ಮಂಗಳೂರು

ಗರಡಿ.

ಕುಸ್ತಿಪಟು ಅಖಾಡಕ್ಕೆ ಇಳಿಯುವ ಮೊದಲು ಗರಡಿಮನೆಯಲ್ಲಿ ಸಾಮು ಮಾಡುತ್ತಾನೆ. ಆ್ಯಪ್ ಕೂಡ ಜನರ ಕೈಗೆ ಹೋಗುವ ಮೊದಲು ಅಲ್ಲಿ ಹತ್ತು ಫೋನುಗಳ ಜೊತೆ ಸೆಣಸುತ್ತದೆ. ಗರಡಿ ಯಾರೊಬ್ಬನ ಸೊತ್ತೂ ಅಲ್ಲ, ಮಣ್ಣನ್ನು ಎಲ್ಲರೂ ಸರದಿಯ ಮೇಲೆ ಬಳಸುತ್ತಾರೆ. ಎಸ್. ಅವರಿಗೆ ಬೇಕಾದ ಪರೀಕ್ಷೆ, ಹಂಚಿಕೆ ಎರಡೂ ಅದರಲ್ಲಿವೆ. ‘ಫೋನ್ ಗರಡಿ’. ನಮ್ಮ ಕಡೆ ಗರಡಿ ಎಂದರೆ ಕೋಟಿ ಚೆನ್ನಯರ ಗುಡಿ, ಅಲ್ಲಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಫೋನಿನ ಕೊಠಡಿಗೂ ಆ ನಿಯಮ ಇದ್ದರೆ ಧೂಳು ಕಡಿಮೆಯಾದೀತು.

ಜಿ., ಕಲಬುರಗಿ

ಗರಡಿಗಿಂತ ‘ಕಣ’ ಮೇಲು. ರಾಶಿ ಮಾಡುವ ಕಣ, ಚುನಾವಣೆಯ ಕಣ, ಎರಡು ಅರ್ಥವೂ ಜೀವಂತವಾಗಿವೆ. ಕಾಳು ಜೊಳ್ಳು ಬೇರೆಯಾಗುವ ಜಾಗ. ಟೆಸ್ಟಿಂಗ್ ಎಂದರೆ ಇನ್ನೇನು?

ಅದೂ ಅಲ್ಲದೆ ಇದು ಸಾಲ ಕೊಟ್ಟ ಪದ, ತಂದದ್ದಲ್ಲ. ಕನ್ನಡದ ಕಣ, ಕಳ, ತಮಿಳು ಮಲಯಾಳದ ಕಳಂ ಒಂದೇ ಬಳ್ಳಿಯವು. ಋಗ್ವೇದದಲ್ಲಿ ಒಕ್ಕಣೆಯ ಜಾಗಕ್ಕೆ ‘ಖಲ’ ಎಂಬ ಪದ ಬರುತ್ತದೆ. ಅದು ದ್ರಾವಿಡದಿಂದ ಹೋದದ್ದು ಎಂದು ಭಾಷಾವಿಜ್ಞಾನಿ ಟಿ. ಬರೋ ಅವರಂಥ ವಿದ್ವಾಂಸರು ವಾದಿಸಿದ್ದಾರೆ. ಸಂಸ್ಕೃತದಿಂದಲೇ ಎಲ್ಲವೂ ಸಲ್ಲುತ್ತದೆ ಎನ್ನುವವರು ಮೊದಲು ಆ ಬಾಕಿ ತೀರಿಸಲಿ.

ಕೆ. ಎನ್., ಮೈಸೂರು

ಆ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಅವರ ಹೆಸರನ್ನು ನೀವು ಹೇಳಲಿಲ್ಲ. ಕಣವನ್ನು ಸಂಸ್ಕೃತದಲ್ಲಿ ಓದಿದರೆ ಧೂಳಿನ ಕಣ, ಪರಮಾಣು ಕಣ. ‘ಫೋನ್ ಕಣ’ ಎಂದರೆ ಫೋನಿನ ಪುಡಿ.

‘ಫೋನ್ ಗರಡಿ’ ಅರಿಸಮಾಸ, ಅಂದರೆ ಬೇರೆ ಬೇರೆ ಭಾಷೆಯ ಪದಗಳ ಸಲ್ಲದ ಜೋಡಣೆ. ವ್ಯಾಕರಣಕಾರ ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ನಿಷೇಧಿಸಿದ್ದಾನೆ. ಇಷ್ಟಾದರೂ ಗೊತ್ತಿರಬೇಕು.

ಪಿ., ಧಾರವಾಡ

ಕೇಶಿರಾಜ ಹೇಳಿದ್ದು ಸಂಸ್ಕೃತ, ಕನ್ನಡಗಳ ಬೆರಕೆಗೆ. ಅಲ್ಲಿಯೂ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ರಿಯಾಯಿತಿ ಕೊಟ್ಟಿದ್ದಾನೆ. ಗ್ರೀಕ್ ಮೂಲದ ಫೋನು ಅವನ ಸೂತ್ರದೊಳಗೆ ಹೇಗೆ ಬಂತು? ಆ ನಿಯಮವನ್ನೇ ಹಿಡಿದರೆ ‘ರೈಲುದಾರಿ’ ಕೀಳಬೇಕು, ‘ಬಸ್ ನಿಲ್ದಾಣ’ ಒಡೆಯಬೇಕು. ‘ಗೋಮಾಳ’ವನ್ನು ಏನು ಮಾಡುತ್ತೀರಿ? ಗೋ ನಿಮ್ಮದು, ಮಾಳ ನಮ್ಮದು; ಹಸು ಮಾತ್ರ ಎಂದೂ ತಕರಾರು ಮಾಡಿಲ್ಲ.

ಗರಡಿಗೆ ನನ್ನ ಒಪ್ಪಿಗೆ ಇದೆ. ಆದರೆ ವ್ಯುತ್ಪತ್ತಿಯ ದೃಷ್ಟಿಯಿಂದ ಗೇಣಿಯೇ ಸರಿ ಎಂಬುದನ್ನು ದಾಖಲಿಸಿಕೊಳ್ಳಿ.

ಆರ್., ಶಿವಮೊಗ್ಗ

ಗರಡಿ ಸರಿ. ಆದರೆ ಮುಂದೆ ‘ಫೋನ್’ ಯಾಕೆ? ಮೊಬೈಲಿಗೆ ‘ಅಲೆಯುಲಿ’ ಎಂಬ ಪದವಿದೆ, ‘ಅಲೆಯುಲಿ ಗರಡಿ’ ಎನ್ನಿ. ಫಲಕಗಳಲ್ಲಿ ಶೇ 60 ಕನ್ನಡ ಎಂದು ಕಾಯ್ದೆ ತಿದ್ದಿದ ಮೇಲೆ ಏನಾಯಿತು ನೋಡಿದ್ದೀರಿ. ‘ಫ್ಯಾಮಿಲಿ ರೆಸ್ಟೋರೆಂಟ್’, ‘ಫರ್ನಿಚರ್ ವರ್ಲ್ಡ್’, ಎಲ್ಲವೂ ಕನ್ನಡ ಲಿಪಿಯಲ್ಲಿವೆ. ಅಕ್ಷರ ನಮ್ಮದು, ಮಾತು ಯಾರದೋ. ಇಲ್ಲಿ ಒಂದು ಪದಕ್ಕೆ ಸಡಿಲ ಬಿಟ್ಟರೆ ನಾಳೆ ಇನ್ನೊಂದು.

ವಿ., ಪುಣೆ

ನೀವು ಬರೆದ ‘ಕಾಂಪೌಂಡು’, ‘ಫ್ಲ್ಯಾಟು’ ಎರಡೂ ಮೇಲೆ ಹಾಗೇ ಇವೆ. ಕುರ್ಚಿ, ಮೇಜು, ಸಾಬೂನು, ಅಲಮಾರು, ಚಾವಿ ಇವು ಯಾವುವೂ ನಮ್ಮ ಹಿತ್ತಲಲ್ಲಿ ಬೆಳೆದವಲ್ಲ. ‘ಲಿಪಿ’ ಎಂದಿರಲ್ಲ, ಅದರ ಹಿಂದೆ ಹಳೆಯ ಪರ್ಷಿಯನ್ ಇದೆ ಎನ್ನುತ್ತಾರೆ. ‘ಫರ್ನಿಚರ್ ವರ್ಲ್ಡ್’ ಕಂಡರೆ ನನಗೂ ಮೈ ಉರಿಯುತ್ತದೆ, ಏಕೆಂದರೆ ಅಲ್ಲಿ ಯೋಚನೆಯೇ ನಡೆದಿಲ್ಲ. ‘ಫೋನ್’ ಹಾಗಲ್ಲ. ಅದಕ್ಕೆ ಫೋನಿಗೆ, ಫೋನಿನಲ್ಲಿ, ಫೋನಾಯಿಸು ಎಂದು ವಿಭಕ್ತಿ ಹತ್ತಿ, ಕ್ರಿಯಾಪದವಾಗಿ, ಮನೆಯ ಮಗುವಾಗಿದೆ. ಹೊರಗೆ ನಿಲ್ಲಿಸಲು ಬರುವುದಿಲ್ಲ.

ಆರ್., ಶಿವಮೊಗ್ಗ

ಸಾಲ ಮಾಡಿದವರೆಲ್ಲ ಹೀಗೆಯೇ ಹೇಳುವುದು.

ಬಿ. ಎಂ., ದಾವಣಗೆರೆ

ಎಸ್. ಅವರು ಪದ ಕೇಳಿ ಎರಡು ದಿನವಾಯಿತು. ಇಲ್ಲಿ ಕೇಶಿರಾಜ, ಋಗ್ವೇದ, ಪರ್ಷಿಯಾ ಎಲ್ಲ ಬಂದರು, ಫಲಕ ಬರೆಯುವವನೊಬ್ಬ ಬರಬೇಕು. ‘ಯಂತ್ರಧಾರೆ’ಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂಬುದನ್ನೂ ಗಮನಿಸಿದ್ದೇನೆ.

ಎಸ್., ಬೆಂಗಳೂರು, ಶುಕ್ರವಾರ ಸಂಜೆ

ಎಲ್ಲರಿಗೂ ಧನ್ಯವಾದ. ಬಾಗಿಲಿಗೆ ‘ಫೋನ್ ಗರಡಿ’ ಎಂದು ಬರೆಸಿದೆ. ಅದರ ಕೆಳಗೆ ಸಣ್ಣದಾಗಿ ‘ದೂರದಿಂದ ಬಳಸುವ ಹಂಚಿಕೆಯ ಫೋನುಗಳು’ ಎಂಬ ಸಾಲು ಇದೆ; ಗರಡಿ ಎಂದು ಓದಿ ಯಾರಾದರೂ ಮೈಗೆ ಎಣ್ಣೆ ಹಚ್ಚಿಕೊಂಡು ಬಂದರೆ ಎಂದು ಕೇಂದ್ರದ ಮುಖ್ಯಸ್ಥರಿಗೆ ಭಯವಿತ್ತು. ಗುಂಡಿಗಳಿಗೆ ವಿ. ಅವರ ಪದಗಳನ್ನೇ ಹಾಕಿದ್ದೇನೆ. ‘ಕೊಂಡಿ ಕಳಚಿದೆ’ ಚೆನ್ನಾಗಿದೆ, ಅದನ್ನೂ ತೆಗೆದುಕೊಂಡೆ. ತಂತಿ ಕಿತ್ತುಬಂದಾಗ ಅದು, ಜಾಲ ಹೋದಾಗ ‘ಸಂಪರ್ಕ ತಪ್ಪಿದೆ’.

ಎಲ್ಲ ಫೋನುಗಳಿಗೂ ಒಟ್ಟಿಗೆ ಹೊಸ ಆವೃತ್ತಿ ಹಾಕುವ ಗುಂಡಿಯೊಂದು ಉಳಿದಿದೆ. ‘ಎಲ್ಲಕ್ಕೂ ಹಾಕಿ’ ಎಂದಿಟ್ಟಿದ್ದೇನೆ. ತಕರಾರು ಇಲ್ಲವೆಂದುಕೊಳ್ಳುತ್ತೇನೆ.

ಕೆ. ಎನ್., ಮೈಸೂರು

ತಕರಾರು ಎಂಬುದೇ ಅರಬ್ಬಿ ಮೂಲದ್ದು, ‘ಆಕ್ಷೇಪ’ ಎನ್ನಿ. ಅದಿರಲಿ, ಗರಡಿಯೋ ಗರುಡಿಯೋ? ನಿಘಂಟಿನಲ್ಲಿ ಎರಡೂ ರೂಪಗಳಿವೆ. ಹಳೆಯದನ್ನು ಬಿಟ್ಟು ಹೊಸದನ್ನು ಯಾರನ್ನು ಕೇಳಿ ಬರೆಸಿದಿರಿ?