ನೀರೊಳಗಿನ ವಿಡಿಯೋ ಪೂರ್ತಿ ಹಸಿರು-ನೀಲಿ: ಬಣ್ಣ ಸರಿಮಾಡಲು ಕಡಿಮೆ ಖರ್ಚಿನ ಸಾಫ್ಟ್‌ವೇರ್ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡೈವಿಂಗ್ ಕಲಿತು ಆರು ತಿಂಗಳಾಯಿತು. ಹೋದ ವಾರ ಮೊದಲ ಸಲ ಆಕ್ಷನ್ ಕ್ಯಾಮೆರಾ ಹಿಡಿದುಕೊಂಡು ನೀರಿಗಿಳಿದೆ. 8ರಿಂದ 15 ಮೀಟರ್ ಆಳದಲ್ಲಿ ಸುಮಾರು 40 ನಿಮಿಷದ ಫೂಟೇಜ್ ಸಿಕ್ಕಿದೆ. ಮನೆಗೆ ಬಂದು ನೋಡಿದರೆ ಎಲ್ಲ ಹಸಿರು-ನೀಲಿ. ಕಿತ್ತಳೆ ಬಣ್ಣದ ಮೀನು ಬೂದಿ ಮೆತ್ತಿಕೊಂಡ ಹಾಗಿದೆ. ಜೊತೆಗಿದ್ದವರ ಕೆಂಪು ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ಕಪ್ಪಗೆ ಕಾಣುತ್ತಿದೆ.

ಮೊಬೈಲಿನ ಒಂದು ಆ್ಯಪ್‌ನಲ್ಲಿ 'ಆಟೋ' ಒತ್ತಿದೆ. ನೀರು ನೇರಳೆಗೆ ತಿರುಗಿತು. ಅದರ ಮೇಲೆ ಕೆಂಪಿರುವೆ ಹರಿದಾಡಿದ ಹಾಗೆ ಚುಕ್ಕೆ ಬೇರೆ.

ತಿಂಗಳು ತಿಂಗಳು ಚಂದಾ ಕಟ್ಟುವ ಸಾಫ್ಟ್‌ವೇರ್ ಬೇಡ. ಪುಕ್ಕಟೆ ಆದರೆ ಒಳ್ಳೆಯದು. ಇಲ್ಲವೇ ಒಂದು ಸಲ ದುಡ್ಡು ಕೊಟ್ಟು ಮುಗಿಸುವಂಥದ್ದು. ವಿಂಡೋಸ್ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವುದು ಹಾಕಿಕೊಳ್ಳಲಿ?

ಉತ್ತರ 1

ಡಾವಿಂಚಿ ರಿಸಾಲ್ವ್. ಪುಕ್ಕಟೆ. ಬೇರೆ ಯೋಚನೆಯೇ ಬೇಡ.

ಉತ್ತರ 2

8 ಜಿಬಿ ರ‍್ಯಾಮ್ ಅಂದಿದ್ದಾರಲ್ಲ, ಸ್ವಲ್ಪ ಯೋಚನೆ ಮಾಡಲೇಬೇಕು.

ಸಾಫ್ಟ್‌ವೇರ್ ಆಮೇಲೆ. ಮೊದಲು ನಿಮ್ಮ ಫೈಲ್‌ನಲ್ಲಿ ಕೆಂಪು ಎಷ್ಟು ಉಳಿದಿದೆ ಅಂತ ನೋಡಿ. ನೀರು ಎಲ್ಲಕ್ಕಿಂತ ಮೊದಲು ನುಂಗುವುದು ಕೆಂಪನ್ನೇ. ಐದು ಮೀಟರ್ ಇಳಿಯುವಷ್ಟರಲ್ಲಿ ಅದರ ಬಹುಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಇನ್ನೊಂದು ವಿಷಯ ಹೊಸಬರು ಮರೆಯುತ್ತಾರೆ: ಆಳ ಒಂದೇ ಲೆಕ್ಕವಲ್ಲ. 12 ಮೀಟರ್ ಆಳದಲ್ಲಿ, ನಿಮ್ಮಿಂದ 3 ಮೀಟರ್ ದೂರದಲ್ಲಿ ಮೀನಿದ್ದರೆ ಬೆಳಕು ಒಟ್ಟು 15 ಮೀಟರ್ ನೀರು ದಾಟಿ ಬಂದಿರುತ್ತದೆ. ಅಂದರೆ ಒಂದೇ ಫ್ರೇಮಿನಲ್ಲಿ ಹತ್ತಿರದ ಹವಳಕ್ಕೆ ಒಂದಷ್ಟು ಬಣ್ಣ ಖೋತಾ, ದೂರದ ಬಂಡೆಗೆ ಇನ್ನೂ ಜಾಸ್ತಿ. 'ಆಟೋ' ಇಡೀ ಫ್ರೇಮಿಗೆ ಒಂದೇ ಔಷಧಿ ಕುಡಿಸುತ್ತದೆ. ಕೆಡದೆ ಇನ್ನೇನಾಗುತ್ತದೆ?

ಆರ್‌ಜಿಬಿ ಪೆರೇಡ್ ಅನ್ನುವ ಸ್ಕೋಪ್ (ಯಾವ ಬಣ್ಣ ಎಷ್ಟಿದೆ ಅಂತ ತೋರಿಸುವ, ಎಡಿಟಿಂಗ್ ಸಾಫ್ಟ್‌ವೇರಿನ ನಕ್ಷೆ) ತೆರೆಯಿರಿ. ಕೆಂಪು, ಹಸಿರು, ನೀಲಿ ಮೂರೂ ಅಕ್ಕಪಕ್ಕ ಕಾಣುತ್ತವೆ. ಕೆಂಪು ತಳದಲ್ಲಿ ದಾರದ ಎಳೆಯಷ್ಟೇ ಇದ್ದರೆ ಆ ಕ್ಲಿಪ್ ಮೇಲೆ ಜಾಸ್ತಿ ಹೊತ್ತು ಕಳೆಯಬೇಡಿ. ಸ್ವಲ್ಪ ದಪ್ಪ ಪಟ್ಟಿ ಇದ್ದರೆ ಕೆಲಸ ಮಾಡಬಹುದು.

ಹಾಗಾಗಿ ಈ ಕೆಲಸಕ್ಕೆ ಬೇಕಾದ್ದು ಪೆರೇಡ್, ಚಾನೆಲ್ ಮಿಕ್ಸರ್ (ಒಂದು ಬಣ್ಣದ ಚಾನೆಲ್‌ಗೆ ಇನ್ನೊಂದರಿಂದ ಬೆರೆಸುವ ಸಾಧನ), ಕೀಫ್ರೇಮ್ (ಕ್ಲಿಪ್ಪಿನ ಬೇರೆ ಬೇರೆ ಕ್ಷಣಕ್ಕೆ ಬೇರೆ ಸೆಟ್ಟಿಂಗ್ ಇಡುವ ಗುರುತು). ಫ್ರೇಮಿನ ಒಂದು ಭಾಗಕ್ಕೆ ಮಾತ್ರ ಬಣ್ಣ ಹಾಕಲು ಮಾಸ್ಕ್ ಇದ್ದರೆ ಇನ್ನೂ ಒಳ್ಳೆಯದು. ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯಲ್ಲಿ ಇವೆಲ್ಲ ಇವೆ. ನಾಯ್ಸ್ (ನಿಮಗೆ ಕಂಡ ಚುಕ್ಕೆಗಳಂಥದ್ದು) ತೆಗೆಯುವ ಸೌಲಭ್ಯ ಮಾತ್ರ ದುಡ್ಡು ಕೊಡುವ ಸ್ಟುಡಿಯೋ ಆವೃತ್ತಿಯಲ್ಲಿದೆ. ಅದೂ ಒಂದೇ ಸಲದ ಖರ್ಚು, ಚಂದಾ ಅಲ್ಲ. ಆದರೆ ರಿಸಾಲ್ವ್ ಬಹುಪಾಲು ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡುವ ಸಾಫ್ಟ್‌ವೇರ್. ಟೈಮ್‌ಲೈನ್ 1080ಕ್ಕೆ ಇಳಿಸಿ, ಪ್ರಾಕ್ಸಿ (ಎಡಿಟ್ ಮಾಡುವಾಗ ಮಾತ್ರ ಬಳಸುವ ಹಗುರ ನಕಲು ಫೈಲ್) ಮಾಡಿಕೊಂಡು ಒಂದು ಸಲ ಪ್ರಯತ್ನಿಸಿ. ಹ್ಯಾಂಗ್ ಆದರೆ ಕೆಡೆನ್‌ಲೈವ್ ಹಾಕಿಕೊಳ್ಳಿ. ಅದು ಓಪನ್ ಸೋರ್ಸ್, ಪುಕ್ಕಟೆ. ಪೆರೇಡ್, ಚಾನೆಲ್ ಮಿಕ್ಸರ್, ಪ್ರಾಕ್ಸಿ ಎಲ್ಲ ಇದೆ. ಶಾಟ್‌ಕಟ್ ಕೂಡ ಪುಕ್ಕಟೆ, ಕಲಿಯಲು ಇನ್ನೂ ಸುಲಭ. ಬರೀ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಸರಿದೂಗಿಸುವುದು) ಸಾಕು ಅನ್ನುವವರಿಗೆ ಅದು ಸಾಲುತ್ತದೆ.

'ಅಂಡರ್‌ವಾಟರ್ ಲಟ್ ಪ್ಯಾಕ್' ಅಂತ ಸಿದ್ಧ ಬಣ್ಣದ ಸೆಟ್ಟಿಂಗ್‌ಗಳನ್ನು ಮಾರುತ್ತಾರಲ್ಲ, ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಅವರ ನೀರು, ಅವರ ಆಳಕ್ಕೆ ಮಾಡಿದ್ದು ನಿಮ್ಮದಕ್ಕೆ ಹೇಗೆ ಹೊಂದುತ್ತದೆ?

ಕೇಳಿದವರು

ರಿಸಾಲ್ವ್ ಹಾಕಿದೆ. ಎರಡನೇ ಕ್ಲಿಪ್‌ಗೇ ಗ್ರಾಫಿಕ್ಸ್ ಮೆಮೊರಿ ತುಂಬಿದೆ ಅಂತ ಕೈ ಎತ್ತಿತು. ಕೆಡೆನ್‌ಲೈವ್ ಪ್ರಾಕ್ಸಿ ಹಾಕಿದ ಮೇಲೆ ಆರಾಮಾಗಿ ಓಡುತ್ತಿದೆ.

ಪೆರೇಡ್‌ನಲ್ಲಿ ಕೆಂಪು ತಳದಿಂದ ಐದನೇ ಒಂದು ಭಾಗದವರೆಗೆ ಇದೆ. ವೈಟ್ ಬ್ಯಾಲೆನ್ಸ್ ತೆಗೆದುಕೊಂಡು ಮರಳಿನ ಮೇಲೆ ಕ್ಲಿಕ್ ಮಾಡಿದೆ. ಮರಳು ಬೆಳ್ಳಗಾಯಿತು. ಆದರೆ ನೀರು ಮತ್ತೆ ನೇರಳೆ, ಮತ್ತೆ ಅದೇ ಇರುವೆಗಳು. ಎಲ್ಲಿ ತಪ್ಪಿದೆ?

ಉತ್ತರ 2

ಎರಡು ಕಡೆ ತಪ್ಪಿದೆ.

ಯಾವ ಮರಳಿನ ಮೇಲೆ ಕ್ಲಿಕ್ ಮಾಡಿದಿರಿ? ದೂರದ್ದಾದರೆ ಅದಕ್ಕೆ ಬೇಕಾದಷ್ಟು ಕೆಂಪನ್ನು ಇಡೀ ಫ್ರೇಮಿಗೆ ಸುರಿದ ಹಾಗಾಯಿತು. ಕ್ಯಾಮೆರಾಗೆ ತೀರಾ ಹತ್ತಿರ ಇರುವ ಮರಳನ್ನೋ ಯಾರದಾದರೂ ಬೂದು ಬಣ್ಣದ ಸಿಲಿಂಡರನ್ನೋ ಆರಿಸಿ. ಆಮೇಲೂ ಪೂರ್ತಿ ಬಿಳಿ ಆಗುವವರೆಗೆ ಎಳೆಯಬೇಡಿ. ಒಂದು ಚೂರು ನೀಲಿ ಉಳಿಯಲಿ, ನೀರೊಳಗೆ ಇದ್ದೇವೆ ಅನ್ನಿಸಬೇಕಲ್ವಾ.

ಇರುವೆಗಳ ವಿಷಯ. 8 ಬಿಟ್ ವಿಡಿಯೋದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ನಿಮ್ಮ ಕೆಂಪು ಬಳಸಿರುವುದು ಕೆಳಗಿನ ಸುಮಾರು 50 ಮಾತ್ರ. ವೈಟ್ ಬ್ಯಾಲೆನ್ಸ್ ಆ 50ನ್ನೇ ಹಿಡಿದು ಐದು ಪಟ್ಟು ಎಳೆಯುತ್ತದೆ. ಜೊತೆಗೆ ನಾಯ್ಸ್ ಕೂಡ ಐದು ಪಟ್ಟು. ಅದರ ಬದಲು ಹಸಿರಿನಿಂದ ಸಾಲ ತನ್ನಿ. ಹಸಿರು ಚಾನೆಲ್ ಕ್ಲೀನ್ ಆಗಿರುತ್ತದೆ. ಚಾನೆಲ್ ಮಿಕ್ಸರ್‌ನಲ್ಲಿ ಕೆಂಪು ಹಾಗೇ ಇರಲಿ, ಅದಕ್ಕೆ ಹಸಿರನ್ನು ಶೇ. 30ರಿಂದ 40ರಷ್ಟು ಸೇರಿಸಿ. ಪೆರೇಡ್‌ನಲ್ಲಿ ಕೆಂಪು ಪಟ್ಟಿ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಇದಾದ ಮೇಲೆ ವೈಟ್ ಬ್ಯಾಲೆನ್ಸ್ ಹಾಕಿ, ಸ್ವಲ್ಪವೇ. ಎಫೆಕ್ಟ್ ಪಟ್ಟಿಯಲ್ಲಿ ಮಿಕ್ಸರ್ ಮೇಲೆ, ಬ್ಯಾಲೆನ್ಸ್ ಕೆಳಗೆ. ಉಲ್ಟಾ ಆದರೆ ಮತ್ತೆ ಇರುವೆ.

ಕೆಳಗೆ ಇಳಿಯುತ್ತಾ ತೆಗೆದ ಕ್ಲಿಪ್ ಇದ್ದರೆ ಬಣ್ಣ ಬದಲಾಗುವ ಜಾಗಗಳಲ್ಲಿ ಕೀಫ್ರೇಮ್ ಹಾಕಿ. ಬೇಜಾರಾದರೆ ಕ್ಲಿಪ್ಪನ್ನೇ ಮೂರು ತುಂಡು ಮಾಡಿ. ನಾನು ಮಾಡುವುದು ಅದೇ.

ಉತ್ತರ 3

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಲಿನಕ್ಸ್ ಬಳಸುವವರು ಗಮನಿಸಿ: ಅಲ್ಲಿ ಪುಕ್ಕಟೆ ರಿಸಾಲ್ವ್ ಎಚ್.264, ಎಚ್.265 ಫೈಲ್‌ಗಳನ್ನು ತೆರೆಯುವುದಿಲ್ಲ. ಆಕ್ಷನ್ ಕ್ಯಾಮೆರಾ ಕೊಡುವುದು ಅವೇ. ಮೊದಲು ವಿಡಿಯೋ ಕುಗ್ಗಿಸಿಡುವ ಬೇರೆ ವಿಧಾನಕ್ಕೆ, ಅಂದರೆ ಬೇರೆ ಕೋಡೆಕ್‌ಗೆ ಬದಲಾಯಿಸಿಕೊಳ್ಳಬೇಕು. ನಾನು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ.

ಮುಂದಿನ ಡೈವ್‌ಗೆ: ಆಟೋ ವೈಟ್ ಬ್ಯಾಲೆನ್ಸ್ ಆಫ್ ಮಾಡಿ, ಶಾಟ್ ನಡುವೆ ಬಣ್ಣ ಓಲಾಡುವುದು ನಿಲ್ಲುತ್ತದೆ. 10 ಬಿಟ್ ಆಯ್ಕೆ ಇದ್ದರೆ ಆನ್ ಮಾಡಿ. ನೀಲಿ ನೀರಿಗೆ ಕೆಂಪು ಫಿಲ್ಟರ್, ಹಸಿರು ನೀರಿಗೆ ಮಜೆಂಟಾ. ಟಾರ್ಚ್ ಹಾಕಿದಾಗ ಫಿಲ್ಟರ್ ತೆಗೆಯಿರಿ, ಇಲ್ಲದಿದ್ದರೆ ಹತ್ತಿರದ್ದೆಲ್ಲ ಕೆಂಪಾಗುತ್ತದೆ. ಟಾರ್ಚಿನ ಬಣ್ಣ ಒಂದೆರಡು ಮೀಟರ್ ಆಚೆ ತಲುಪುವುದಿಲ್ಲ ಅನ್ನುವುದೂ ನೆನಪಿರಲಿ.

ಕೇಳಿದವರು

ಆಯಿತು! ಹಸಿರು 35ಕ್ಕೆ ಇಟ್ಟೆ. ಮೀನಿನ ಬಿಳಿ ಪಟ್ಟೆ ಬಿಳಿಯಾಗಿದೆ, ಮೈಗೆ ಸ್ವಲ್ಪ ಕಿತ್ತಳೆ ಬಂದಿದೆ. ಇರುವೆ ಹುಡುಕಿದರೆ ಮಾತ್ರ ಕಾಣುತ್ತವೆ. 15 ಮೀಟರ್‌ನ ಎರಡು ಕ್ಲಿಪ್‌ನಲ್ಲಿ ಕೆಂಪು ನೀವು ಹೇಳಿದ ದಾರದ ಎಳೆಯೇ. ಅವನ್ನು ಕಪ್ಪು-ಬಿಳುಪು ಮಾಡಿಬಿಟ್ಟೆ, ಚೆನ್ನಾಗೇ ಇವೆ.

ಆ ಕೆಂಪು ಫಿನ್ ಮಾತ್ರ ಏನು ಮಾಡಿದರೂ ಕಪ್ಪಗೇ ಇದೆ. ಯಾಕೆ?

ಉತ್ತರ 2

ಅಚ್ಚ ಕೆಂಪು ವಸ್ತು ಹಸಿರು ಬೆಳಕನ್ನು ವಾಪಸ್ ಕಳಿಸುವುದೇ ಇಲ್ಲ. ಹಸಿರು ಚಾನೆಲ್‌ನಲ್ಲೂ ಅಲ್ಲಿ ಕತ್ತಲೆಯೇ. ಸಾಲ ಕೊಡುವವನ ಜೇಬೇ ಖಾಲಿ. ಕಿತ್ತಳೆ ಮೀನು ಒಂದಿಷ್ಟು ಹಸಿರನ್ನೂ ಕಳಿಸುತ್ತದೆ, ಅದಕ್ಕೇ ಅದು ಬಂತು. ಫಿನ್ ಬಿಟ್ಟುಬಿಡಿ. ಕೆಳಗೆ ಇದ್ದಾಗ ನಿಮ್ಮ ಕಣ್ಣಿಗೂ ಅದು ಕಪ್ಪಗೇ ಕಂಡಿತ್ತಲ್ವಾ?

ಕೇಳಿದವರು

ಹೌದಲ್ಲ! ಅವರು ಕಪ್ಪು ಫಿನ್ ಹಾಕಿದ್ದಾರೆ ಅಂದುಕೊಂಡೇ ಹಿಂದೆ ಈಜುತ್ತಿದ್ದೆ.